ಜಮೀನು ಅವರದು, ಬೆಳೆ ನಮ್ಮದು

(ಓದಿದ ಕವಿತೆಯನ್ನು ಮುಂದಿಟ್ಟುಕೊಂಡು ಸ್ವಂತ ಕವಿತೆ ಬರೆಯುವುದು ಹೇಗೆ?)

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ



ಹೋದ ವರ್ಷ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಕನ್ನಡ ಮೇಡಂ ತರಗತಿಗೆ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಕವಿತೆ ಬರೆದು ತರಬೇಕು, 12 ಸಾಲಿದ್ದರೆ ಸಾಕು ಎಂದರು. ಅಕೌಂಟೆನ್ಸಿಯ ಲೆಕ್ಕ ಎಷ್ಟೇ ಕಷ್ಟವಿದ್ದರೂ ಮಾಡಿ ತರುವ ನಮ್ಮ ತರಗತಿಯಲ್ಲಿ ಅಂದು ಎಲ್ಲರ ಮುಖ ಇಳಿದುಹೋಯಿತು. ಮೂರನೆಯ ದಿನ ನಾನು ಕವಿತೆ ತಂದುಕೊಟ್ಟೆ. ನಿಜ ಹೇಳಬೇಕೆಂದರೆ ಅದು ನನ್ನ ಕವಿತೆಯಾಗಿರಲಿಲ್ಲ. ಮೊಬೈಲಿನಲ್ಲಿ ಸಿಕ್ಕ ಒಂದು ಕವಿತೆಯನ್ನು ತೆಗೆದುಕೊಂಡು ‘ನದಿ’ ಇದ್ದ ಕಡೆ ‘ಹೊಳೆ’ ಹಾಕಿದ್ದೆ, ‘ಕಾಡು’ ಇದ್ದ ಕಡೆ ‘ವನ’ ಹಾಕಿದ್ದೆ. ಕೊನೆಯ ಎರಡು ಸಾಲು ಮಾತ್ರ ನನ್ನವು. ಅವು ಮೇಲಿನ ಹತ್ತು ಸಾಲಿಗೆ ಹೊಂದುತ್ತಲೇ ಇರಲಿಲ್ಲ.

ಮೇಡಂ ಬೈಯಲಿಲ್ಲ. ಸ್ಟಾಫ್ ರೂಮಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು: “ಈ ಹೊಳೆ ಯಾವ ಊರಿನದಮ್ಮ?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಊರಿನಲ್ಲಿ ಹೊಳೆ ಇಲ್ಲ. ಇರುವುದು ಒಂದು ಕೆರೆ, ಅದೂ ಅರ್ಧ ಜೊಂಡು ತುಂಬಿದ ಕೆರೆ. ಮೇಡಂ ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೇಳಿದರು: “ಆ ಕವಿತೆಯಿಂದ ತೆಗೆದುಕೊಳ್ಳಬೇಕಾದ್ದನ್ನು ಬಿಟ್ಟಿದ್ದೀಯ, ತೆಗೆದುಕೊಳ್ಳಬಾರದ್ದನ್ನು ತಂದಿದ್ದೀಯ. ಇನ್ನೊಮ್ಮೆ ಓದು, ಆಮೇಲೆ ಬರೆ.”

ಹಾಗಾದರೆ ಒಂದು ಕವಿತೆಯಿಂದ ತೆಗೆದುಕೊಳ್ಳಬೇಕಾದ್ದು ಯಾವುದು, ಬಾರದ್ದು ಯಾವುದು? ಆ ಪ್ರಶ್ನೆಗೆ ನಾನು ಈ ಒಂದು ವರ್ಷದಲ್ಲಿ ಹುಡುಕಿಕೊಂಡ ಉತ್ತರವೇ ಈ ಲೇಖನ.

1. ಮನೆಯಲ್ಲಿ ಸಿಕ್ಕ ಪಾಠ

ನಮ್ಮ ಮನೆಮಾತು ಉರ್ದು. ಕನ್ನಡ ಕವಿತೆ ಎಂದರೆ ಕನ್ನಡ ಮನೆಮಾತಿನವರು ಬರೆಯುವುದು, ನಮ್ಮಂಥವರು ಓದಿ ಪರೀಕ್ಷೆ ಬರೆದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಅಂದು ಸಂಜೆ ನನ್ನ ಪೆಚ್ಚುಮುಖ ನೋಡಿ ದಾದಾ ಏನಾಯಿತು ಎಂದು ಕೇಳಿದರು. ಅವರು ಬಸ್ ನಿಲ್ದಾಣದ ಹತ್ತಿರ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಉರ್ದು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಕನ್ನಡ ಚೆನ್ನಾಗಿ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ನಾನು ಅದಕ್ಕೆ ತದ್ವಿರುದ್ಧ. ಉರ್ದು ಮಾತನಾಡುತ್ತೇನೆ, ಲಿಪಿ ಓದಲು ಬಾರದು.

ನಡೆದದ್ದನ್ನು ಹೇಳಿದೆ. ದಾದಾ ನಕ್ಕು, ಹಳೆಯ ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದರು. ಅದಕ್ಕೆ ‘ಬಯಾಜ್’ ಎನ್ನುತ್ತಾರೆ. ಕವಿತೆ ಇಷ್ಟಪಡುವವರು ತಮಗೆ ಹಿಡಿಸಿದ ಸಾಲುಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕ. ಹರೆಯದಲ್ಲಿ ಮುಷಾಯಿರಾಗಳಿಗೆ, ಅಂದರೆ ಉರ್ದು ಕವಿಗೋಷ್ಠಿಗಳಿಗೆ ಹೋದಾಗಲೆಲ್ಲ ಅವರು ಅದರಲ್ಲಿ ಬರೆದುಕೊಳ್ಳುತ್ತಿದ್ದರಂತೆ.

ಅವರಿಂದ ನಾನು ತಿಳಿದುಕೊಂಡದ್ದು ಇಷ್ಟು. ಉರ್ದುವಿನಲ್ಲಿ ‘ತರಹೀ ಮುಷಾಯಿರಾ’ ಎಂಬ ಒಂದು ಬಗೆಯ ಗೋಷ್ಠಿ ಇದೆ. ಅದಕ್ಕೆ ಮೊದಲೇ ಒಂದು ಸಾಲನ್ನು ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಹಿರಿಯ ಕವಿಯೊಬ್ಬರ ಗಜಲಿನ ಸಾಲು. ಅದಕ್ಕೆ ‘ಮಿಸ್ರಾ-ಎ-ತರಹ್’ ಎಂದು ಹೆಸರು. ಬರುವ ಕವಿಗಳೆಲ್ಲ ಆ ಸಾಲಿನ ಛಂದಸ್ಸು ಮತ್ತು ಪ್ರಾಸದಲ್ಲೇ ತಮ್ಮ ತಮ್ಮ ಗಜಲ್ ಬರೆದು ತರಬೇಕು. ಕೊಟ್ಟ ಸಾಲನ್ನೇ ತಮ್ಮ ಒಂದು ದ್ವಿಪದಿಯಲ್ಲಿ ಸೇರಿಸಿ, ಅದಕ್ಕೆ ಜೊತೆಯಾಗುವ ಇನ್ನೊಂದು ಸಾಲನ್ನು ತಾವು ಹೊಸೆಯುವುದೂ ಉಂಟು. ಅದಕ್ಕೆ ‘ಗಿರಹ್’ ಹಾಕುವುದು ಎನ್ನುತ್ತಾರೆ. ಗಿರಹ್ ಎಂದರೆ ಗಂಟು. ಗಂಟು ಕಾಣಿಸದಂತೆ ಎರಡು ದಾರ ಸೇರಿಸಿದವನು ಒಳ್ಳೆಯ ಕವಿ.

“ಇದು ಕದ್ದ ಹಾಗಾಗುವುದಿಲ್ಲವಾ ದಾದಾ?” ಎಂದು ಕೇಳಿದೆ.

“ಎಲ್ಲರಿಗೂ ಹೇಳಿ ತೆಗೆದುಕೊಂಡದ್ದು ಕಳ್ಳತನ ಹೇಗಾದೀತು?” ಎಂದರು. ಆಮೇಲೆ ಒಂದು ಶಬ್ದ ಹೇಳಿಕೊಟ್ಟರು. ಒಂದು ಗಜಲಿನ ಛಂದಸ್ಸು, ಪ್ರಾಸ, ಕೊನೆಗೆ ಮರಳಿ ಬರುವ ಪದ ಇವೆಲ್ಲ ಸೇರಿ ಆಗುವ ಚೌಕಟ್ಟಿಗೆ ಉರ್ದುವಿನಲ್ಲಿ ‘ಜಮೀನ್’ ಎನ್ನುತ್ತಾರೆ. ನಾವು ಕನ್ನಡದಲ್ಲಿ ಹೊಲಕ್ಕೆ ಹೇಳುವ ಜಮೀನು ಎಂಬ ಪದವೇ. ಇಂಥ ಕವಿಯ ಜಮೀನಿನಲ್ಲಿ ನಾನು ಗಜಲ್ ಬರೆದಿದ್ದೇನೆ ಎಂದು ಹೇಳಿಕೊಳ್ಳುವುದು ಆ ಲೋಕದಲ್ಲಿ ಅವಮಾನವಲ್ಲ, ಗೌರವ. “ಜಮೀನ್ ಉನ್ಕಿ, ಫಸಲ್ ತೇರಿ” ಎಂದರು ದಾದಾ. ಜಮೀನು ಅವರದು, ಬೆಳೆ ನಿನ್ನದು.

ನಾನು ಮಾಡಿದ್ದು ಏನು ಎಂದು ಆಗ ಹೊಳೆಯಿತು. ಬೇರೆಯವರ ಹೊಲದಲ್ಲಿ ಬೆಳೆದು ನಿಂತಿದ್ದ ಪೈರನ್ನೇ ಕೊಯ್ದು ತಂದಿದ್ದೆ. ಹೊಲವನ್ನು ನೋಡಿಯೇ ಇರಲಿಲ್ಲ.

2. ಕನ್ನಡದಲ್ಲೂ ಇದೇ ದಾರಿ

ಮರುದಿನ ಮೇಡಂಗೆ ಇದನ್ನು ಹೇಳಿದಾಗ ಅವರು ಕನ್ನಡದ ಕಡೆಯ ನಾಲ್ಕು ಉದಾಹರಣೆ ಕೊಟ್ಟರು.

ಮೊದಲನೆಯದು ಸಮಸ್ಯಾಪೂರಣ. ಅವಧಾನ ಕಾರ್ಯಕ್ರಮಗಳಲ್ಲಿ ಒಬ್ಬರು ಅವಧಾನಿಗೆ ಪದ್ಯದ ಒಂದು ಸಾಲು ಕೊಡುತ್ತಾರೆ. ಅದು ಮೇಲ್ನೋಟಕ್ಕೆ ಅರ್ಥವಿಲ್ಲದ್ದು, ಕೆಲವೊಮ್ಮೆ ಅಸಂಬದ್ಧ. ಅವಧಾನಿ ಉಳಿದ ಸಾಲುಗಳನ್ನು ಅದೇ ಛಂದಸ್ಸಿನಲ್ಲಿ ಕಟ್ಟಿ, ಆ ಸಾಲಿಗೆ ಸರಿಯಾದ ಅರ್ಥ ಬರುವಂತೆ ಮಾಡಬೇಕು. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಲ್ಲಿ ಇದನ್ನು ಅನೇಕರು ನೋಡಿರಬಹುದು. ಉರ್ದುವಿನ ಗಿರಹ್, ಕನ್ನಡದ ಸಮಸ್ಯೆ ಇವೆರಡೂ ನೆಂಟರ ಹಾಗೆ ಕಾಣುತ್ತವೆ. ಎರಡರಲ್ಲೂ ಸಾಲು ಹೊರಗಿನಿಂದ ಬರುತ್ತದೆ, ಅರ್ಥ ನಾವು ಕೊಡಬೇಕು.

ಎರಡನೆಯದು ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀ ಅವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು. ಪುಸ್ತಕ 1926ರಲ್ಲಿ ಬಂತು. ಹಳೆಯ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸವಾಗಲೇಬೇಕು ಎಂಬ ಕಟ್ಟು ಇತ್ತು. ಅದಕ್ಕೂ ಮೊದಲೇ, 1911ರ ಹೊತ್ತಿಗೆ, ಮಂಜೇಶ್ವರದ ಗೋವಿಂದ ಪೈ ಅವರು ಆ ಕಟ್ಟನ್ನು ಬಿಟ್ಟು ಬರೆದಿದ್ದರು. ಬಿ.ಎಂ.ಶ್ರೀ ಅವರ ಪುಸ್ತಕ ಬಂದ ಮೇಲೆ ಹೊಸ ಬಗೆಯ ಸಾಲು, ಹೊಸ ಬಗೆಯ ಲಯ ಕನ್ನಡದಲ್ಲಿ ಬೇರುಬಿಟ್ಟಿತು. ನವೋದಯದ ಕವಿಗಳಿಗೆ ಅದು ದಾರಿ ತೋರಿತು.

ನಮ್ಮಲ್ಲಿ ಅನೇಕರು ಪ್ರೌಢಶಾಲೆಯ ಪ್ರಾರ್ಥನೆಯಲ್ಲಿ, ಕತ್ತಲಲ್ಲಿ ನಡೆಯುವವನೊಬ್ಬ ಬೆಳಕನ್ನು ಕರೆಯುವ ಹಾಡು ಹೇಳಿದ್ದೇವೆ. ಅದು ಬಿ.ಎಂ.ಶ್ರೀ ಅವರದು. ಅದರ ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ. 1833ರಲ್ಲಿ ಇಟಲಿಯ ಕಡೆಯಿಂದ ಊರಿಗೆ ಮರಳುವಾಗ, ಗಾಳಿಯಿಲ್ಲದೆ ಹಡಗು ಸಮುದ್ರದ ನಡುವೆ ನಿಂತುಬಿಟ್ಟಿದ್ದ ದಿನಗಳಲ್ಲಿ ಅವರು ಅದನ್ನು ಬರೆದರು. ಸಮುದ್ರವನ್ನೇ ನೋಡದ ಮಕ್ಕಳು ನಮ್ಮ ಬಯಲುಸೀಮೆಯ ಶಾಲೆಯಂಗಳದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹಾಡುವಾಗ ಅದು ಬೇರೆ ದೇಶದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ. ಬೀಜ ದೂರದ್ದು, ಮಣ್ಣು ಇಲ್ಲಿಯದು.

ಮೂರನೆಯವರು ಶಿಶುನಾಳ ಶರೀಫರು (1819–1889). ಅವರು ಮುಸ್ಲಿಂ ಮನೆಯಲ್ಲಿ ಹುಟ್ಟಿದವರು, ಕಳಸದ ಗೋವಿಂದಭಟ್ಟರ ಶಿಷ್ಯರು. ತತ್ವಪದದ ಪರಂಪರೆ ಅವರಿಗಿಂತ ಹಿಂದಿನಿಂದಲೂ ಇತ್ತು. ಪದದ ಕೊನೆಗೆ ಅಂಕಿತ ಇಡುವ ಪದ್ಧತಿಯೂ ಇತ್ತು. ಆ ಜಮೀನಿನಲ್ಲಿ ಅವರು ತಮ್ಮ ಸುತ್ತಲಿನದನ್ನೇ ಬಿತ್ತಿದರು: ಸೋರುವ ಮಾಳಿಗೆ, ಕೋಳಿ, ಹಳ್ಳಿಯ ದಿನನಿತ್ಯದ ವಸ್ತುಗಳು. ದೊಡ್ಡ ಮಾತು ಹೇಳಲು ಅವರಿಗೆ ಮನೆಯ ಮಾಳಿಗೆ ಸಾಕಾಯಿತು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟ ಉದಾಹರಣೆ, ಕೆ.ಎಸ್. ನಿಸಾರ್ ಅಹಮದ್. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಅವರ ಮನೆಮಾತು ಉರ್ದು, ಓದಿದ್ದು ಮತ್ತು ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ. ಆದರೂ 1976ರ ‘ನಿತ್ಯೋತ್ಸವ’ದಿಂದ ಅವರು ಕನ್ನಡದ ಮನೆ ಮನೆ ತಲುಪಿದರು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. “ಮನೆಮಾತು ಉರ್ದು ಎನ್ನುವ ನೆಪವನ್ನು ಇನ್ನು ಮೇಲೆ ನನ್ನ ಹತ್ತಿರ ಹೇಳಬೇಡ” ಎಂದು ಮೇಡಂ ನಕ್ಕರು.

3. ಏನು ತೆಗೆದುಕೊಳ್ಳಬಹುದು?

ಇಷ್ಟನ್ನು ಓದಿದ ಮೇಲೆ ನಾನು ನನ್ನ ನೋಟ್‌ಬುಕ್ಕಿನಲ್ಲಿ ಜಮಾ–ಖರ್ಚಿನ ಹಾಗೆ ಎರಡು ಭಾಗ ಮಾಡಿ ಬರೆದುಕೊಂಡೆ.

ತೆಗೆದುಕೊಳ್ಳಬಹುದಾದದ್ದು: ಕವಿತೆಯ ಚೌಕಟ್ಟು, ಅಂದರೆ ಎಷ್ಟು ಸಾಲು, ಪ್ರಾಸ ಎಲ್ಲಿ, ಯಾವ ಪದ ಮರಳಿ ಬರುತ್ತದೆ ಎಂಬುದು. ಕವಿತೆ ಯಾರ ಜೊತೆ ಮಾತನಾಡುತ್ತಿದೆ ಎಂಬುದು: ದೇವರೊಡನೆಯೋ, ಗೆಳೆಯನೊಡನೆಯೋ, ತನ್ನೊಡನೆಯೋ. ಎಲ್ಲಿ ತಿರುಗುತ್ತದೆ ಎಂಬುದು. ಯಾವ ವಸ್ತುವನ್ನು ಹಿಡಿದು ಯಾವ ಮಾತಿಗೆ ಹೋಗುತ್ತದೆ ಎಂಬುದು.

ತೆಗೆದುಕೊಳ್ಳಬಾರದ್ದು: ಕವಿಯ ಹೋಲಿಕೆಗಳು, ಕವಿ ಕಂಡ ಹೊಳೆ, ಕವಿಯ ದುಃಖ. ಇವು ಅವರ ಬೆಳೆ. ನಮ್ಮ ಮನೆಯಲ್ಲಿ ಸತ್ತಿರದವರಿಗಾಗಿ ನಾವು ಅಳುವಂತೆ ಬರೆದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಹೀಗಾಗಿ ಒಂದು ಕವಿತೆಯನ್ನು ಬರೆಯುವುದಕ್ಕಾಗಿ ಓದುವುದು, ಪರೀಕ್ಷೆಗಾಗಿ ಓದುವುದಕ್ಕಿಂತ ಸ್ವಲ್ಪ ಬೇರೆ. ಪರೀಕ್ಷೆಗೆ ಸಾರಾಂಶ ಬೇಕು. ಬರೆಯುವವರಿಗೆ ಅದನ್ನು ಕಟ್ಟಿದ ರೀತಿ ಬೇಕು. ದಾದಾ ಗಡಿಯಾರ ಬಿಚ್ಚುವಾಗ ಪ್ರತಿ ಸ್ಕ್ರೂ ಎಲ್ಲಿಂದ ಬಂತು ಎಂದು ಕ್ರಮವಾಗಿ ಇಡುತ್ತಿದ್ದರು. ಕವಿತೆಯನ್ನೂ ಹಾಗೆ ಒಮ್ಮೆ ಬಿಚ್ಚಿ ನೋಡಬೇಕು.

4. ಮೂರು ಅಭ್ಯಾಸಗಳು

ಈ ವರ್ಷ ಮೇಡಂ ನಮ್ಮಿಂದ ಮೂರು ಅಭ್ಯಾಸ ಮಾಡಿಸಿದರು. ಯಾರು ಬೇಕಾದರೂ ಮಾಡಬಹುದು.

*ಅಭ್ಯಾಸ ಒಂದು: ಕೊಟ್ಟ ಸಾಲಿಗೆ ಗಂಟು.* ಮೇಡಂ ಕಪ್ಪುಹಲಗೆಯ ಮೇಲೆ ಒಂದು ಸಾಲು ಬರೆದರು: “ಬಾಗಿಲು ಮಾತ್ರ ತೆರೆದೇ ಇತ್ತು.” ಇದಕ್ಕೆ ಮುಂಚೆ ಬರುವ ಸಾಲನ್ನು ಹತ್ತು ನಿಮಿಷದಲ್ಲಿ ಬರೆಯಬೇಕು. ಯಾವ ಸಾಲು ಬಂದರೆ ಈ ಸಾಲು ಬರಲೇಬೇಕು ಅನ್ನಿಸುತ್ತದೋ ಅದು ಗೆದ್ದ ಸಾಲು.

ಒಬ್ಬ ಗೆಳತಿ ಬರೆದಳು:

ಅಣ್ಣ ಸೌದಿಗೆ ಹೊರಟ ರಾತ್ರಿ ದೀಪವೆಲ್ಲ ಆರಿಸಿ ಮಲಗಿದೆವು,
ಬಾಗಿಲು ಮಾತ್ರ ತೆರೆದೇ ಇತ್ತು.

ಹಿಂದಿನ ಬೆಂಚಿನ ಗೆಳೆಯ ಬರೆದ:

ಷಟರ್ ಎಳೆದರು, ಬೀಗ ಹಾಕಿದರು, ಸಾಲ ತಂದವರು ಬಂದಾಗ ಹಿಂದಿನ
ಬಾಗಿಲು ಮಾತ್ರ ತೆರೆದೇ ಇತ್ತು.

ತರಗತಿ ನಕ್ಕಿತು. ಆದರೆ ಎರಡೂ ಸಾಲು ಗಂಟು ಕಾಣದಂತೆ ಸೇರಿದ್ದವು. ಒಂದೇ ಬಾಗಿಲು, ಒಬ್ಬಳಿಗೆ ಅಣ್ಣನ ದಾರಿ ಕಾಯುವುದು, ಇನ್ನೊಬ್ಬನಿಗೆ ತಪ್ಪಿಸಿಕೊಳ್ಳುವುದು. ಐವತ್ತು ಜನ ಬರೆದರೂ ಒಬ್ಬರ ಸಾಲು ಇನ್ನೊಬ್ಬರ ಹಾಗೆ ಇರಲಿಲ್ಲ. ಸಾಲು ಕೊಟ್ಟರೆ ಎಲ್ಲರೂ ಒಂದೇ ತರಹ ಬರೆಯುತ್ತಾರೆ ಎಂಬ ನನ್ನ ಅನುಮಾನ ಅಂದು ಹೋಯಿತು.

*ಅಭ್ಯಾಸ ಎರಡು: ಹೆಸರಿನಿಂದ ಆರಂಭ.* ನಿಸಾರ್ ಅಹಮದ್ ಅವರ ಒಂದು ಸಂಕಲನದ ಹೆಸರು ‘ಸಂಜೆ ಐದರ ಮಳೆ’. ಮೇಡಂ ಆ ಹೆಸರನ್ನಷ್ಟೇ ಬರೆದು, “ಇದರಲ್ಲಿ ಏನೇನಿದೆ?” ಎಂದು ಕೇಳಿದರು. ಒಂದು ಹೊತ್ತು ಇದೆ, ಒಂದು ಸಂಗತಿ ಇದೆ. ಬರೀ ‘ಮಳೆ’ ಎಂದಿದ್ದರೆ ಅದು ಯಾವ ಮಳೆ ಬೇಕಾದರೂ ಆಗಬಹುದಿತ್ತು. ‘ಸಂಜೆ ಐದರ’ ಎಂದ ಕೂಡಲೇ ಕಾಲೇಜು ಬಿಡುವ ಹೊತ್ತು, ಕೊಡೆ ಮರೆತವರು, ಬಸ್ಸಿಗೆ ಕಾಯುವವರು ಎಲ್ಲ ನಮಗೆ ಕಾಣಿಸುತ್ತಾರೆ. ಈಗ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಹೊತ್ತು, ಒಂದು ಸಂಗತಿ ಸೇರಿಸಿ ಹೆಸರು ಮಾಡಬೇಕು. ‘ಬೆಳಿಗ್ಗೆ ಆರರ ಹಾಲು’, ‘ಪರೀಕ್ಷೆಯ ಕೊನೆಯ ಐದು ನಿಮಿಷ’, ‘ಶುಕ್ರವಾರ ಒಂದೂವರೆಯ ಬೀದಿ’ ಹೀಗೆ ಹೆಸರುಗಳು ಬಂದವು.

ಕೊನೆಯ ಹೆಸರು ಕೊಟ್ಟವನ ತಂದೆ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದಾರೆ. ಅವನು ಮೊದಲು ಬರೆದದ್ದು ನಾವೆಲ್ಲ ಒಂದೇ, ನಮ್ಮ ದೇಶ ಸುಂದರ ಎಂಬಂಥ ಸಾಲುಗಳು. ಮೇಡಂ ಕೇಳಿದರು: “ಶುಕ್ರವಾರ ಒಂದೂವರೆಗೆ ನಿಮ್ಮ ಬೀದಿಯಲ್ಲಿ ನಿಂತರೆ ಕಣ್ಣಿಗೆ ಏನು ಕಾಣುತ್ತದೆಯೋ ಅಷ್ಟನ್ನೇ ಬರೆ.” ಅವನ ಎರಡನೆಯ ಪ್ರತಿ ಹೀಗಿತ್ತು (ಅವನ ಒಪ್ಪಿಗೆ ಪಡೆದು ಇಲ್ಲಿ ಕೊಟ್ಟಿದ್ದೇನೆ):

ಷಟರ್‌ಗಳೆಲ್ಲ ಅರ್ಧಕ್ಕೆ ಇಳಿದಿವೆ,
ತಕ್ಕಡಿಯಲ್ಲಿ ಉಳಿದ ಒಂದು ಟೊಮೆಟೊ
ಇನ್ನೂ ತೂಗುತ್ತಿದೆ.
ಪಕ್ಕದ ಅಂಗಡಿಯ ಹೂವಿನ ಅಕ್ಕ
ಅಬ್ಬಾನ ಗಲ್ಲಾ ಕಾಯುತ್ತಿದ್ದಾರೆ,
ಮಂಗಳವಾರ ಅವರು ಗುಡಿಗೆ ಹೋದಾಗ
ಅವರ ಮಲ್ಲಿಗೆಗೆ ಅಬ್ಬಾ
ನೀರು ಚಿಮುಕಿಸಿದ ಹಾಗೆ.

ಮೊದಲ ಪ್ರತಿಯಲ್ಲಿ ‘ನಾವೆಲ್ಲ ಒಂದೇ’ ಎಂದು ಬರೆದಿದ್ದ. ಎರಡನೆಯದರಲ್ಲಿ ಆ ಮಾತು ಎಲ್ಲೂ ಇಲ್ಲ. ಆದರೆ ಓದಿದವರಿಗೆ ಅದೇ ಕೇಳಿಸುತ್ತದೆ. ಅವನು ನಿಸಾರ್ ಅಹಮದ್ ಅವರಿಂದ ತೆಗೆದುಕೊಂಡದ್ದು ಒಂದು ಹೊತ್ತನ್ನು ಗಟ್ಟಿಯಾಗಿ ಹಿಡಿಯುವ ರೀತಿಯನ್ನು ಮಾತ್ರ. ಉಳಿದದ್ದೆಲ್ಲ ಅವನ ಬೀದಿಯದು.

*ಅಭ್ಯಾಸ ಮೂರು: ಇನ್ನೊಬ್ಬರ ಜಮೀನಿನಲ್ಲಿ ಒಂದು ಗಜಲ್.* ಇದು ಸ್ವಲ್ಪ ಕಷ್ಟದ್ದು. ಗಜಲ್ ಉರ್ದುವಿನದಷ್ಟೇ ಎಂದು ತಿಳಿಯಬೇಡಿ. ಅದು ಅರಬ್ಬೀ, ಫಾರಸಿಯಿಂದ ಉರ್ದುವಿಗೆ ಬಂದಂತೆ ಕನ್ನಡಕ್ಕೂ ಬಂದಿದೆ. ರಾಯಚೂರಿನ ಶಾಂತರಸ ಅವರನ್ನು ಕನ್ನಡ ಗಜಲಿನ ಮೊದಲಿಗರೆಂದು ಗೌರವಿಸುತ್ತಾರೆ. ಕಲ್ಯಾಣ ಕರ್ನಾಟಕದಲ್ಲಿ ಇಂದು ಅನೇಕರು ಕನ್ನಡದಲ್ಲಿ ಗಜಲ್ ಬರೆಯುತ್ತಿದ್ದಾರೆ.

ಗಜಲಿನ ನಿಯಮಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಎರಡೆರಡು ಸಾಲಿನ ದ್ವಿಪದಿಗಳು ಇರುತ್ತವೆ. ಒಂದೊಂದಕ್ಕೆ ‘ಶೇರ್’ ಎಂದು ಹೆಸರು. (ನಮ್ಮ ವಾಣಿಜ್ಯದವರಿಗೆ ಷೇರು ಮಾರುಕಟ್ಟೆ ನೆನಪಾದರೆ ತಪ್ಪಿಲ್ಲ, ಆದರೆ ಇದು ಬೇರೆ.) ಪ್ರತಿ ಶೇರ್‌ನ ಎರಡನೆಯ ಸಾಲಿನ ಕೊನೆಗೆ ಒಂದೇ ಪದ ಅಥವಾ ಪದಗಳು ಮರಳಿ ಬರುತ್ತವೆ, ಅದು ‘ರದೀಫ್’. ಅದಕ್ಕೆ ಸ್ವಲ್ಪ ಮೊದಲು ಪ್ರಾಸದ ಪದ ಬರುತ್ತದೆ, ಅದು ‘ಕಾಫಿಯಾ’. ಮೊದಲ ಶೇರ್‌ನಲ್ಲಿ ಮಾತ್ರ ಎರಡೂ ಸಾಲಿಗೆ ಇವು ಬರಬೇಕು, ಅದಕ್ಕೆ ‘ಮತ್ಲಾ’ ಎನ್ನುತ್ತಾರೆ. ಕೊನೆಯದು ‘ಮಕ್ತಾ’. ಅದರಲ್ಲಿ ಕವಿ ತನ್ನ ಕಾವ್ಯನಾಮವನ್ನು ಸೇರಿಸುವುದುಂಟು, ವಚನದಲ್ಲಿ, ತತ್ವಪದದಲ್ಲಿ ಅಂಕಿತ ಬರುವ ಹಾಗೆ. ಪ್ರತಿ ಶೇರ್ ತಾನಾಗಿಯೇ ನಿಲ್ಲಬೇಕು.

ದಾದಾರ ಬಯಾಜ್‌ನಲ್ಲಿ ಒಂದು ಗಜಲ್ ಇತ್ತು. ಅದರ ರದೀಫ್ ‘ಘರ್ ಮೇಂ’. ದಾದಾ ಅದನ್ನು ಓದಿ ಹೇಳಿದರು. ಅದರ ಸಾಲುಗಳನ್ನು ನಾನು ಬರೆದುಕೊಳ್ಳಲಿಲ್ಲ, ಆ ಎರಡು ಪದಗಳನ್ನು ಮಾತ್ರ ಕೇಳಿ ಪಡೆದುಕೊಂಡೆ. ಕನ್ನಡದಲ್ಲಿ ಅದು ‘ಮನೆಯಲ್ಲಿ’ ಆಯಿತು. ಕಾಫಿಯಾ ನಾನೇ ಹುಡುಕಬೇಕಿತ್ತು. ಅಕ್ಷರ, ಸ್ವರ, ಅಂತರ, ಉತ್ತರ, ಎಚ್ಚರ, ಸಡಗರ ಎಂದು ಒಂದು ಪಟ್ಟಿ ಮಾಡಿದೆ. ಮೊದಲು ಬರೆದದ್ದು ‘ಸಡಗರ ಮನೆಯಲ್ಲಿ’ ಎಂಬ ಹಬ್ಬದ ಸಾಲು. ಅದು ಯಾರ ಮನೆಯಲ್ಲಾದರೂ ಇರಬಹುದಾದ ಸಾಲು ಎಂದು ಹೊಡೆದುಹಾಕಿದೆ. ನಮ್ಮ ಮನೆಯಲ್ಲಿ ಮಾತ್ರ ಇರುವುದು ಏನು ಎಂದು ಯೋಚಿಸಿದಾಗ ಬೆಳಗಿನ ಎರಡು ಪತ್ರಿಕೆಗಳು ಕಂಡವು. ಹದಿನೇಳು ವರ್ಷದಿಂದ ಕಣ್ಣೆದುರೇ ಇದ್ದವು. ಈ ಪ್ರಾಸದ ಒತ್ತಾಯ ಇಲ್ಲದಿದ್ದರೆ ‘ಅಂತರ’ ಎಂಬ ಪದವನ್ನು ನಾನು ನಮ್ಮ ಮನೆಯ ಬಗ್ಗೆ ಬರೆಯುತ್ತಲೇ ಇರಲಿಲ್ಲ. ಇನ್ನೊಬ್ಬರ ಚೌಕಟ್ಟು ಮಾಡುವ ಉಪಕಾರ ಇದೇ ಇರಬೇಕು. ನಾವು ಹೋಗದ ಕೋಣೆಗೆ ಅದು ನಮ್ಮನ್ನು ಕಳಿಸುತ್ತದೆ.

5. ಸಾಲವನ್ನು ಲೆಕ್ಕದಲ್ಲಿ ತೋರಿಸುವುದು

ವ್ಯಾಪಾರ ಶುರುಮಾಡಲು ಸಾಲ ತೆಗೆದುಕೊಳ್ಳುವುದು ತಪ್ಪಲ್ಲ ಎಂದು ನಮ್ಮ ಅಕೌಂಟೆನ್ಸಿ ಸರ್ ಹೇಳುತ್ತಾರೆ. ಸಾಲವನ್ನು ಪುಸ್ತಕದಲ್ಲಿ ತೋರಿಸದೆ ಅದನ್ನು ಸ್ವಂತ ಬಂಡವಾಳ ಎಂದು ಬರೆಯುವುದು ತಪ್ಪು. ಕವಿತೆಗೂ ಇದೇ ಲೆಕ್ಕ. ಯಾರದಾದರೂ ಸಾಲು ಹಿಡಿದು ಬರೆದರೆ ಕೆಳಗೆ ಒಂದು ಸಾಲಿನಲ್ಲಿ ‘ಇಂಥವರ ಇಂಥ ಕವಿತೆ ಓದಿದ ಮೇಲೆ’ ಎಂದು ಬರೆಯಬೇಕು. ತೆಗೆದುಕೊಂಡ ಸಾಲು ಹಾಗೆಯೇ ಬಂದಿದ್ದರೆ ಅದಕ್ಕೆ ಉದ್ಧರಣ ಚಿಹ್ನೆ ಹಾಕಬೇಕು. ಇದರಿಂದ ನಮ್ಮ ಕವಿತೆ ಚಿಕ್ಕದಾಗುವುದಿಲ್ಲ. ಓದುವವರು ಆ ಹಿರಿಯರ ಕವಿತೆಯನ್ನೂ ಹುಡುಕಿಕೊಂಡು ಹೋಗುತ್ತಾರೆ.

ಇದನ್ನು ಒತ್ತಿ ಹೇಳಲು ಒಂದು ಕಾರಣವಿದೆ. ‘ಘರ್ ಮೇಂ’ ಗಜಲನ್ನು ಬರೆದುಕೊಂಡ ರಾತ್ರಿ ದಾದಾ ಕವಿಯ ಹೆಸರನ್ನು ಬರೆದುಕೊಳ್ಳಲು ಮರೆತಿದ್ದರು. ನೆನಪಿರುತ್ತದೆ ಎಂದುಕೊಂಡರಂತೆ. ಈಗ ನೆನಪಿಲ್ಲ. “ಅಷ್ಟು ಒಳ್ಳೆಯ ಸಾಲು ಕೊಟ್ಟವರಿಗೆ ನಾನು ಹೆಸರನ್ನೂ ಉಳಿಸಲಿಲ್ಲ” ಎಂದು ಅವರು ಇಂದಿಗೂ ನೊಂದುಕೊಳ್ಳುತ್ತಾರೆ. ಹಾಗಾಗಿ ನನ್ನ ಗಜಲಿನ ಕೆಳಗೆ ನಾನು ಬರೆಯಬಹುದಾದದ್ದು ಇಷ್ಟೇ: ‘ದಾದಾರ ಬಯಾಜ್‌ನಲ್ಲಿರುವ, ಹೆಸರು ಉಳಿಯದ ಕವಿಯೊಬ್ಬರ ಜಮೀನಿನಲ್ಲಿ.’ ನೀವು ಸಾಲು ಬರೆದುಕೊಳ್ಳುವಾಗ ಹೆಸರನ್ನೂ ಬರೆದುಕೊಳ್ಳಿ.

6. ನನ್ನ ಗಜಲ್

ಛಂದಸ್ಸಿನ ಮಾತ್ರೆ ಲೆಕ್ಕ ನನಗೆ ಇನ್ನೂ ಸರಿಯಾಗಿ ಬಂದಿಲ್ಲ. ಕಿವಿಗೆ ಹಿಡಿದಷ್ಟು ಅಳತೆಯಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ಬಲದಿಂದ ಎಡಕ್ಕೆ ನಡೆಯುತ್ತದೆ ದಾದಾ ಓದುವ ಅಕ್ಷರ ಮನೆಯಲ್ಲಿ
ಎಡದಿಂದ ಬಲಕ್ಕೆ ನಾನು ಓದಿದರೆ ಕೇಳುವುದು ಬೇರೆ ಸ್ವರ ಮನೆಯಲ್ಲಿ

ಒಂದೇ ಮೇಜು, ಒಂದೇ ದೀಪ, ಚಹದ ಪಕ್ಕ ಎರಡು ಪತ್ರಿಕೆ
ಪುಟ ತಿರುಗಿಸುವ ಎರಡು ಕೈ ನಡುವೆ ಗೇಣುದ್ದದ ಅಂತರ ಮನೆಯಲ್ಲಿ

ಅವರ ಕನ್ನಡಕ ಹಾಕಿ ನೋಡಿದೆ, ಸಾಲು ದೊಡ್ಡದಾಯಿತು ಅಷ್ಟೆ
ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಸಿಗಲಿಲ್ಲ ಉತ್ತರ ಮನೆಯಲ್ಲಿ

ಹಾಲು ಉಕ್ಕಿದಾಗ ಅಮ್ಮಿ ಕೂಗುವ ಮಾತಿಗೆ ಯಾವ ಲಿಪಿಯೂ ಇಲ್ಲ
ಓಡಿ ಬರುವ ಎಲ್ಲ ಕಾಲಿಗೂ ತಿಳಿಯುವುದು ಆ ಎಚ್ಚರ ಮನೆಯಲ್ಲಿ

ಇಷ್ಟು ಬರೆದ ಮೇಲೆ ಮಕ್ತಾ ಹೊಳೆಯಲಿಲ್ಲ. ಕಾವ್ಯನಾಮವೂ ನನಗಿಲ್ಲ. ನಾಲ್ಕು ಶೇರ್‌ಗಳನ್ನೇ ಒಂದು ರಾತ್ರಿ ಊಟವಾದ ಮೇಲೆ ದಾದಾರಿಗೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಶೇರ್ ಮುಗಿದಾಗ ಏನೂ ಹೇಳಲಿಲ್ಲ. ಬೇಸರವಾಯಿತೇನೋ ಎಂದು ನನಗೆ ಭಯವಾಯಿತು. ಪೂರ್ತಿ ಮುಗಿದ ಮೇಲೆ ಮೆಲ್ಲಗೆ “ಮುಕರ್ರರ್” ಎಂದರು. ಮುಷಾಯಿರಾದಲ್ಲಿ ಒಂದು ಸಾಲು ಹಿಡಿಸಿದರೆ, ಇನ್ನೊಮ್ಮೆ ಹೇಳಿ ಎಂದು ಕೇಳುಗರು ಕೂಗುವ ಮಾತು ಅದು. ಇನ್ನೊಮ್ಮೆ ಓದಿದೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವರು ನನ್ನ ಹಾಳೆಯನ್ನು ಎತ್ತಿಕೊಂಡು, ‘ಮನೆಯಲ್ಲಿ’ ಎಂಬ ಪದ ಎಲ್ಲೆಲ್ಲಿದೆ ತೋರಿಸು ಎಂದರು. ಐದು ಕಡೆ ಬೆರಳಿಟ್ಟು ತೋರಿಸಿದೆ. ಆ ಆಕಾರವನ್ನು ಅವರು ಈಗ ಗುರುತು ಹಿಡಿಯುತ್ತಾರೆ. ನಾನೂ ಅವರ ಪತ್ರಿಕೆಯಲ್ಲಿ ‘ಘರ್’ ಎಂಬ ಪದವನ್ನು ಗುರುತು ಹಿಡಿಯಲು ಕಲಿತಿದ್ದೇನೆ.

ಕೊನೆಯ ಶೇರ್ ಆಮೇಲೆ ಬಂತು. ಇದರ ಪ್ರಾಸ ‘ರ’ದಲ್ಲಿ ಸರಿಯಾಗಿ ಕೂರುವುದಿಲ್ಲ ಎಂದು ಮೇಡಂ ಹೇಳಿದರು. ಆದರೂ ಬದಲಾಯಿಸಲು ಅವರೂ ಹೇಳಲಿಲ್ಲ, ನಾನೂ ಬದಲಾಯಿಸಲಿಲ್ಲ.

ಲಿಪಿ ಬಾರದವರು ಕಣ್ಣು ಮುಚ್ಚಿ ಕನ್ನಡದ ಸಾಲು ಕೇಳಿದರು
ಓದಿ ಮುಗಿಸಿದ ಮೇಲೆ ಒಂದೇ ಮಾತು ಬಂತು, ‘ಮುಕರ್ರರ್’ ಮನೆಯಲ್ಲಿ

ಮುಂದಿನ ಸಂಚಿಕೆಗೆ ಒಂದು ತರಹ್

ಸಂಪಾದಕ ಮಂಡಳಿಯ ಒಪ್ಪಿಗೆ ಪಡೆದು ಇಲ್ಲಿ ಒಂದು ಸಾಲು ಕೊಡುತ್ತಿದ್ದೇನೆ. ವಿದ್ಯಾರ್ಥಿಗಳು, ಅಧ್ಯಾಪಕರು, ಕಚೇರಿಯ ಸಿಬ್ಬಂದಿ ಯಾರು ಬೇಕಾದರೂ ಗಂಟು ಹಾಕಬಹುದು. ಒಂದು ಸಾಲು ಬರೆದರೂ ಸಾಕು, ಪೂರ್ತಿ ಕವಿತೆ ಬರೆದರೆ ಇನ್ನೂ ಸಂತೋಷ. ಮನೆಮಾತು ಯಾವುದು ಎಂದು ಯಾರೂ ಕೇಳುವುದಿಲ್ಲ. ಬರೆದದ್ದನ್ನು ಗ್ರಂಥಾಲಯದ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ. ಸಾಲು ಇದು:

“ಕೀಲಿ ನನ್ನ ಹತ್ತಿರವೇ ಇತ್ತು.”